ಬೀದಿಯಲ್ಲಿದ್ದವರ ಹಸಿರು ಚುಕ್ಕೆ

ಆಫೀಸಿನ ಹಿಂದಿನ ಬಾಡಿಗೆ ಕೋಣೆ
ಹನ್ನೆರಡನೇ ತಾರೀಖು, ಗುರುವಾರ ಸಂಜೆ

ನನ್ನ ಅಕ್ಕಾ,

ಮಣಿಕಟ್ಟಿನ ನೋವು ಹೇಗಿದೆ? ಶಾಖ ಕೊಡುತ್ತಿದ್ದೀಯೋ, ಇಲ್ಲಾ ಹಲ್ಲು ಕಚ್ಚಿಕೊಂಡು ಟೈಪ್ ಮಾಡುತ್ತಿದ್ದೀಯೋ? "ಎಲ್ಲಾ ಸರಿ ಇದೆ ಕಣೇ" ಎಂದು ಮಾತ್ರ ಬರೆಯಬೇಡ. ನಿನ್ನ ಸರಿ ಎಂಥದ್ದೆಂದು ನನಗೆ ಗೊತ್ತು. ಭಾವನ ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ, ಅಂದರೆ ಮೈಗೇನೂ ಆಗಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ಅಷ್ಟೇ. ಎರಡು ಸಾಲು ಬರೆದು ಎದ್ದು ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನ ಹಳೇ ಕಂಪ್ಯೂಟರ್ ತನ್ನ ಕೆಲಸ ತಾನೇ ಮಾಡಿಕೊಳ್ಳುವಂತೆ ಮಾಡುವುದು ಹೇಗೆಂದು ಕೇಳಿದ್ದೀಯ. ಮೊದಲು ಪರದೆಯ ಮೇಲೆ ಸಂತೆಯಂತೆ ಹರಡಿರುವ ಐಕಾನ್‌ಗಳನ್ನೆಲ್ಲ ಒಂದೇ ಫೋಲ್ಡರಿಗೆ ತುಂಬು. ಹುಡುಕುವ ಕೆಲಸವೇ ಅರ್ಧ ಕೈನೋವು. ದಿನವೂ ಬೇಕಾಗುವ ಫೈಲುಗಳು ಯಂತ್ರ ಚಾಲೂ ಆದ ಕೂಡಲೇ ತಾವೇ ತೆರೆದುಕೊಳ್ಳುವಂತೆ ಸಮಯಪಟ್ಟಿಗೆ ಸೇರಿಸು. ಮತ್ತೆ ಮತ್ತೆ ಟೈಪ್ ಮಾಡುವ ಸಾಲಿಗೆ ಎರಡಕ್ಷರದ ಗುರುತು ಕೊಡು. ನಾನು 'ವಿವಿ' ಎಂದು ಒತ್ತಿದರೆ ಸಾಕು, "ತಮಗಾದ ತೊಂದರೆಗೆ ನಾವು ವಿಷಾದಿಸುತ್ತೇವೆ" ಎಂದು ಪೂರ್ತಿ ಸಾಲು ಬಿದ್ದುಬಿಡುತ್ತದೆ. ಪಾರ್ಸೆಲ್ ಕಳೆದುಕೊಂಡ ಊರಿಗೆಲ್ಲ ದಿನವಿಡೀ ವಿಷಾದಿಸುತ್ತೇನೆ ಅಕ್ಕಾ. ನಮಗೆ ವಿಷಾದಿಸಲು ಈ ಕಟ್ಟಡದಲ್ಲಿ ಒಂದು ನಾಯಿಯೂ ಇಲ್ಲ. ಇನ್ನೊಂದು ಮಾತು, ಇದನ್ನು ಮರೆಯಬೇಡ: ಏನನ್ನೇ ತಾನಾಗಿ ನಡೆಯಲು ಬಿಡು, ಅದನ್ನು ನಿಲ್ಲಿಸುವ ಕೀಲಿಯನ್ನು ಮೊದಲು ಮಾಡಿಕೋ. ನಾವು ಮಾಡಿಕೊಳ್ಳಲಿಲ್ಲ. ಆ ಕಥೆ ಹೇಳುತ್ತೇನೆ ಕೇಳು.

ನೀನು ಮುಷ್ಕರ ಕಟ್ಟಿ, ಸೋತು, "ಇನ್ನು ಯಾರಿಗೋಸ್ಕರಾನೂ ಬೀದಿಗಿಳಿಯಲ್ಲ" ಎಂದು ಊರು ಬಿಟ್ಟ ಮೇಲೆ ಇಲ್ಲಿಗೊಬ್ಬ ಹೊಸ ಮ್ಯಾನೇಜರ್ ಬಂದ. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟ. ಮೌಸ್ ಅಲುಗಾಡುತ್ತಿದ್ದರೆ, ಇಲ್ಲವೇ ಕೀಲಿ ಒತ್ತುತ್ತಿದ್ದರೆ ಹಸಿರು, ಎರಡೂ ನಿಂತರೆ ಕೆಂಪು. ಕೆಂಪಾದರೆ ಅರ್ಧ ದಿನದ ಕೂಲಿ ಕಟ್. ನಾವು ಅವನಿಗೆ ಚುಕ್ಕೆರಾಯ ಎಂದು ಹೆಸರಿಟ್ಟೆವು. ನಗು ಬಂದದ್ದು ಅಷ್ಟಕ್ಕೇ. ನನ್ನ ಪಕ್ಕದ ಕುರ್ಚಿಯ ದೊಡ್ಡಮ್ಮನಿಗೆ, ಹಾಗೆ ಕರೆಯುವುದು ವಯಸ್ಸಿಗಾಗಿ, ಸಕ್ಕರೆ ಕಾಯಿಲೆ. ಶೌಚಕ್ಕೆ ಓಡಿ ಬರುವಷ್ಟರಲ್ಲಿ ಚುಕ್ಕೆ ಕೆಂಪು. ಆಕೆ ನೀರು ಕುಡಿಯುವುದನ್ನೇ ಬಿಟ್ಟಳು. ಮಧ್ಯಾಹ್ನ ತಲೆ ತಿರುಗಿ ಕೀಬೋರ್ಡಿನ ಮೇಲೆ ಬಿದ್ದಾಗ ಚುಕ್ಕೆ ಹಸಿರಾಗಿಯೇ ಇತ್ತಂತೆ, ಕೆನ್ನೆ ಕೀಲಿ ಒತ್ತುತ್ತಿತ್ತಲ್ಲ! ಮನುಷ್ಯರ ಉಚ್ಚೆಗೂ ಲಗಾಮು ಹಾಕುವ ಈ ದರಿದ್ರ ದಂಧೆಗೆ ಇನ್ನೇನು ಹೇಳಲಿ?

ಅವತ್ತೇ ನಾನೊಂದು ಸ್ಕ್ರಿಪ್ಟ್, ಅಂದರೆ ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಂ, ಬರೆದೆ. ಕೈ ಇಲ್ಲದಾಗ ಅದು ಮೌಸನ್ನು ಆಗಾಗ ಕೂದಲೆಳೆಯಷ್ಟು ಸರಿಸುತ್ತದೆ. ನಿಲ್ಲಿಸುವ ಕೀಲಿ ಮಾತ್ರ ಇಡಲಿಲ್ಲ. ದೊಡ್ಡಮ್ಮನ ಯಂತ್ರಕ್ಕೆ ಹಾಕಿದೆ, ಆಕೆಯಿಂದ ಪಕ್ಕದವಳಿಗೆ, ಅಲ್ಲಿಂದ ಇಡೀ ಮಹಡಿಗೆ ಹೋಯಿತು. ಜನ ನೀರು ಕುಡಿದರು ಅಕ್ಕಾ. ಅಷ್ಟೇ ನಾವು ಮಾಡಿದ ಅಪರಾಧ.

ಮೊನ್ನೆ ಬೆಂಕಿ ಅವಘಡದ ತಾಲೀಮು. ಗಂಟೆ ಹೊಡೆಯಿತು, ಎಲ್ಲರೂ ಇದ್ದಂತೆಯೇ ಎದ್ದು ಮೆಟ್ಟಿಲಿಳಿದು ಬೀದಿಯಲ್ಲಿ ಸಾಲಾಗಿ ನಿಂತೆವು. ಚುಕ್ಕೆರಾಯ ಎದುರಿಗೆ ನಿಂತು ಫೋನಿನಲ್ಲಿ ಹಾಜರಿ ನೋಡಿದ. ಒಂದೊಂದು ಹೆಸರೂ ಹಸಿರು! ಇಡೀ ಮಹಡಿ ಮೇಲೆ ಕೂತು ಬೆವರು ಸುರಿಸಿ ದುಡಿಯುತ್ತಿದೆ, ಇಡೀ ಮಹಡಿ ಅವನ ಮುಂದೆಯೂ ನಿಂತಿದೆ. ಅವನು ಫೋನು ನೋಡಿದ, ನಮ್ಮ ಮುಖ ನೋಡಿದ, ಮತ್ತೆ ಫೋನು ನೋಡಿದ. ದೊಡ್ಡಮ್ಮ ಮೆಲ್ಲಗೆ, "ನಮ್ಮ ದೆವ್ವಗಳು ನಮಗಿಂತ ನಿಯತ್ತಿನವು ಕಣ್ರೇ" ಎಂದಳು. ನಗು ತಡೆಯಲಾಗದೆ ಕೆಮ್ಮಿ ಕೆಮ್ಮಿ ಸಾಕಾಯಿತು.

ಇವತ್ತು ನನ್ನೊಬ್ಬಳನ್ನೇ ಒಳಗೆ ಕರೆಸಿದ. "ಇದು ನಿನ್ನ ಕೈಚಳಕ ಅಂತ ಗೊತ್ತು ಕಣಮ್ಮ. ಬುದ್ಧಿವಂತೆ ನೀನು. ನಿಜವಾದ ಕೈ ಯಾವ್ದು, ಸುಳ್ಳು ಕೈ ಯಾವ್ದು ಅಂತ ಹಿಡಿಯೋ ಪ್ರೋಗ್ರಾಂ ಬರ್ಕೊಡು. ಸಿಕ್ಕಿದವ್ರು ಮನೆಗೆ, ನೀನು ಮೇಲ್ವಿಚಾರಕಿ. ನಾಳೆ ಹೇಳು" ಎಂದ. ಮುಖಕ್ಕೆ ಉಗಿದು ಬರಬೇಕಿತ್ತು. ಉಗಿಯಲಿಲ್ಲ. ನನ್ನನ್ನು ಸುಡುತ್ತಿರುವುದು ಅದಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ಆ ಪ್ರೋಗ್ರಾಂ ನನ್ನ ತಲೆಯಲ್ಲಿ ತಯಾರಾಗಿತ್ತು! ಯಂತ್ರ ಸರಿಸಿದ ಮೌಸ್ ನೆಟ್ಟಗೆ ಹೋಗುತ್ತದೆ, ಮನುಷ್ಯರ ಕೈ ನಡುಗುತ್ತದೆ. ನಡುಕ ಅಳೆದರೆ ಸಾಕು, ಎಲ್ಲರೂ ಸಿಕ್ಕಿಬೀಳುತ್ತಾರೆ. ಬೇಡ ಬೇಡ ಎಂದರೂ ಈ ದರಿದ್ರ ತಲೆ ಅದನ್ನೇ ತಿದ್ದಿ ತೀಡುತ್ತಿದೆ. ಇಷ್ಟು ಸಲೀಸಾಗಿ ಅವರ ಕೆಲಸದವಳಾಗಬಹುದೇ ಅಕ್ಕಾ, ಒಂದು ಕುರ್ಚಿ ತೋರಿಸಿದ ಮಾತ್ರಕ್ಕೆ?

ಸಾಕು, ಕೈ ಓಡುತ್ತಿಲ್ಲ. ಭಾವನಿಗೆ ನಮಸ್ಕಾರ ಹೇಳು, ಮಗಳ ಗಲ್ಲಕ್ಕೆ ಒಂದು ಮುತ್ತು. ನಿನ್ನ ಬೈಗುಳ ಕೇಳದೆ ಕಿವಿ ಒಣಗಿದೆ.

ಇಂತಿ ನಿನ್ನ ಬೆನ್ನಿಗೆ ಹುಟ್ಟಿದ ಜಗಳಗಂಟಿ,
ತಂಗಿ

ತಾ.ಕ.: ಶುಕ್ರವಾರ ಮಧ್ಯಾಹ್ನ, ಆಫೀಸಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ಹೋಗಿ, "ಬರೆಯೋಕೆ ಬರುತ್ತೆ, ಬರೆಯಲ್ಲ" ಎಂದೆ. ಅಲ್ಲೇ ಕೆಲಸ ಹೋಯಿತು. ಬ್ಯಾಗು ತೆಗೆದುಕೊಂಡು ಇಳಿದರೆ ಹಿಂದೆ ದೊಡ್ಡಮ್ಮ, ಆಕೆಯ ಹಿಂದೆ ಇಡೀ ಮಹಡಿ. ಈಗ ಎಲ್ಲರೂ ಇಲ್ಲೇ ಕೂತು, ಮುಂದೇನು ಎಂದು ನನ್ನ ಮುಖ ನೋಡುತ್ತಿದ್ದಾರೆ. ಯಂತ್ರಕ್ಕೆ ಹೇಳಿಕೊಡುವುದು ನನಗೆ ಗೊತ್ತು. ಇಷ್ಟು ಜನಕ್ಕೆ ಮೊದಲ ಮಾತು ಏನು ಹೇಳಬೇಕೋ ಗೊತ್ತಿಲ್ಲ, ಅದು ನಿನಗೆ ಗೊತ್ತು. ಈ ಕಾಗದ ತಂದು ನಿನ್ನ ಬಾಗಿಲಲ್ಲಿ ನಿಂತಿರುವವನು ದೊಡ್ಡಮ್ಮನ ಅಳಿಯ, ಬಸ್ಸಿನ ಡ್ರೈವರ್. ವಾಪಸ್ಸು ಹೊರಡುವ ಬಸ್ಸಿನಲ್ಲಿ ತನ್ನ ಹಿಂದಿನ ಸೀಟನ್ನು ಯಾರಿಗೂ ಕೊಡದೆ ಇಟ್ಟಿದ್ದಾನೆ. ಉತ್ತರ ಬರೆಯಬೇಡ.