ಮೆಣಸಿನಕಾಯಿ ಮಾಸ್ಕು

ಸರಟೋಗಾ
ಅಕ್ಟೋಬರ್ ೧೨, ೨೦೨೫

ಮಾಜಿ ಅರ್ಧಾಂಗಿ ಮೈಥಿಲಿಗೆ,

ವಕೀಲ ರಘೋತ್ತಮನಾದ ನಾನು ಪ್ರಮಾಣ ಮಾಡಿ ಒಪ್ಪಿಕೊಳ್ಳುವುದೇನೆಂದರೆ: ಹೋದ ಶನಿವಾರ ನನ್ನ ಪುಸ್ತಕ ಒಯ್ಯಲು ಡ್ಯಾನ್‌ವಿಲ್ ಮನೆಗೆ ಬಂದವನು ನಿನ್ನ ಗರಾಜಿನಲ್ಲಿ ಕಳ್ಳತನ ಮಾಡಿದ್ದೇನೆ. ಕದ್ದದ್ದು ನಿನ್ನ ಧೂಳಿನ ಮಾಸ್ಕು. ಕೆನ್ನೆಗೊಂದರಂತೆ ಗಾಳಿ ಸೋಸುವ ಗುಲಾಬಿ ಬಿಲ್ಲೆ ಇರುವುದು. ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯುವಾಗ ನೀನು ಅದನ್ನು ಬಿಗಿದುಕೊಂಡು ನಿಂತರೆ, "ಸಾರಿಗೂ ಫೆಡರಲ್ ಸರ್ಕಾರದ ಅಪ್ಪಣೆ ಬೇಕೇನೇ?" ಎಂದು ಕೆಮ್ಮುತ್ತಲೇ ಹಂಗಿಸುತ್ತಿದ್ದೆನಲ್ಲ, ಅದೇ. ನಮ್ಮ ಮುಸುಕಿನ ಗುದ್ದಾಟಕ್ಕೆ ಮುಸುಕೇ ಸ್ಮರಣಿಕೆ. ಬೇಟೆಗಾರರು ಜಿಂಕೆಯ ತಲೆ ತೂಗುಹಾಕುವಂತೆ ಆಫೀಸಿನ ಗೋಡೆಗೆ ಹಾಕುತ್ತೇನೆ.

ತೀರ್ಪು ಓದಿರುತ್ತೀ. ಕಲ್ಲು ಕೊಯ್ಯುವವರ ಎದೆಗೆ ಧೂಳು ಇಳಿಯಬಾರದೆಂದು ನಿನ್ನ ಕಾರ್ಮಿಕ ಸುರಕ್ಷತಾ ಇಲಾಖೆ ಮಾಡಿದ ನಿಯಮ, ನೀನು ವರ್ಷಗಟ್ಟಲೆ ಆಸ್ಪತ್ರೆ ಅಲೆದು ಎಕ್ಸ್‌ರೇ ನೋಡಿ ಬರೆದದ್ದು, ನನ್ನ ಅರ್ಧ ಗಂಟೆಯ ವಾದಕ್ಕೆ ಧೂಳೀಪಟ. ಧೂಳಿನ ನಿಯಮಕ್ಕೆ ಇನ್ಯಾವ ಗತಿ ಶೋಭಿಸೀತು? ಮೊದಲಾದರೆ ಕಾನೂನಿನ ಮಾತು ಮಸುಕಾಗಿದ್ದಲ್ಲಿ ಕೋರ್ಟು ಇಲಾಖೆಯ ತಜ್ಞರಿಗೆ ತಲೆಬಾಗುತ್ತಿತ್ತು. ಹೋದ ವರ್ಷ ಸುಪ್ರೀಂ ಕೋರ್ಟು ಆ ನಲವತ್ತು ವರ್ಷದ ಪದ್ಧತಿಗೆ ಎಳ್ಳುನೀರು ಬಿಟ್ಟಿತು. ಈಗ ಅರ್ಥ ಹೇಳುವವರು ಜಡ್ಜುಗಳೇ. ಕಾನೂನಿನಲ್ಲಿರುವ 'ಅಗತ್ಯ ರಕ್ಷಣೆ' ಎಂದರೆಷ್ಟು ಎಂದು ತಿಳಿಯಲು ಎಕ್ಸ್‌ರೇ ಬೇಕಿಲ್ಲ, ನಿಘಂಟು ಸಾಕು ಎಂದೆ. ಜಡ್ಜು ನಕ್ಕರು. ಹಿಂದಿನ ಬೆಂಚಿನಲ್ಲಿ ನಿನ್ನ ಪಕ್ಕ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕೂತಿದ್ದ ಆ ಕಲ್ಲಿನ ಕೆಲಸಗಾರನೂ ನಕ್ಕ. ಪಾಪ, ಇಂಗ್ಲಿಷು ಪೂರ್ತಿ ಬರುತ್ತಿರಲಿಲ್ಲವೇನೋ.

ಹೊರಗೆ ನೀನು ಕೇಳಿದ್ದು ಒಂದೇ: "ಗೆದ್ದಾಯ್ತಲ್ಲ, ರಘೋತ್ತಮ್. ನಿಮ್ಮ ಕಕ್ಷಿದಾರ ಶಿವಶರಣ ಅವ್ರಿಗೆ ಒಂದು ಮಾತು ಹೇಳಿ, ಧೂಳು ಏಳದ ಹಾಗೆ ನೀರು ಬಿಟ್ಕೊಂಡು ಕಲ್ಲು ಕೊಯ್ಯೋದನ್ನ ನಿಲ್ಲಿಸ್ಬೇಡಿ ಅಂತ." ವಿಚ್ಛೇದನದ ಮೇಲೆ 'ರೀ' ಹೋಗಿ ಹೆಸರು ಬಂದಿದೆ; ಬಡ್ತಿಯೋ ಹಿಂಬಡ್ತಿಯೋ ತಿಳಿಯದು. "ಕೇಳದೆ ಬುದ್ಧಿ ಹೇಳೋಕೆ ನಾನೇನು ನಿಮ್ಮ ಇಲಾಖೆನಾ?" ಎಂದೆ. ಚೆನ್ನಾಗಿತ್ತು, ಒಪ್ಪಿಕೋ. ನೀನು ಮಾತ್ರ ನಗಲಿಲ್ಲ. ಆ ಮನುಷ್ಯನ ಸಿಲಿಂಡರು ಎತ್ತಿಕೊಂಡು ಹೊರಟೆ.

ಯಾವ ನಿಯಮವೂ ಇಲ್ಲದ ಮನೆಯಲ್ಲಿ ಸುಖವಾಗಿರುವ,
ರಘೋತ್ತಮ

ತಾ.ಕ.: ಈ ಕಾಗದ ಅಂಚೆಗೆ ಹಾಕದೆ ವಾರವಾಯಿತು. ಮಾಸ್ಕು ಗೋಡೆಗೆ ಹೋಗಲಿಲ್ಲ, ಕಾರಿನಲ್ಲೇ ಇತ್ತು. ನಿನ್ನೆ ಶಿವಶರಣ ಸ್ಯಾನ್ ಹೊಸೆಯ ತಮ್ಮ ಕಲ್ಲಿನ ಶೆಡ್ಡಿನಲ್ಲಿ ಗೆಲುವಿನ ಊಟ ಹಾಕಿಸಿದರು. ನೀರಿನ ಪೈಪು ಆಗಲೇ ಸುತ್ತಿ ಮೂಲೆ ಸೇರಿತ್ತು. ಒಣಗಲ್ಲಿನ ಮೇಲೆ ಗರಗಸ, ಕೊಯ್ಯುವವರ ಬಾಯಿಗೆ ಬರೀ ಕರವಸ್ತ್ರ. "ಇಳಕಲ್ಲಿನ ಧೂಳಿನಾಗ ಹುಟ್ಟಿ ಬೆಳದಾಂವರೀ ನಾ. ಒಳಗ ಬರ್ರಿ ವಕೀಲ್ರ!" ಎಂದರು. ನಾನು ಕಾರಿಗೆ ಮರಳಿ ನಿನ್ನ ಮಾಸ್ಕು ಬಿಗಿದುಕೊಂಡು ಬಂದೆ. ಅಷ್ಟು ಜನರಲ್ಲಿ ನಾನೊಬ್ಬನೇ. ಗರಗಸದವನು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದ. ಮಾಸ್ಕು ತೆಗೆಯಬೇಕಾಗುತ್ತದೆಂದು ಊಟವನ್ನೂ ಮಾಡಲಿಲ್ಲ. ಪೈಪಿನ ಮಾತನ್ನೂ ಎತ್ತಲಿಲ್ಲ.

ಮಾಸ್ಕಿನ ಒಳಗೆಲ್ಲ ಇನ್ನೂ ಮೆಣಸಿನಕಾಯಿ ಘಾಟು. ಆ ಬಿಲ್ಲೆಗಳನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು? ನಿಘಂಟಿನಲ್ಲಿಲ್ಲ. ನೀನು ಹೇಳಿದಂತೆಯೇ ಮಾಡುತ್ತೇನೆ, ವಾದಿಸುವುದಿಲ್ಲ.