ಮೋಡ ಕವಿದ ಆ ಬೆಳಿಗ್ಗೆ ನಿಮ್ಮ ಸ್ಥಾವರ ನಡೆಯಿತೋ ಇಲ್ಲವೋ?

ಅನಿಲ ವಿದ್ಯುತ್ ಸ್ಥಾವರದ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳ ಮೂರನೇ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಸ್ಥಾವರ ನಡೆಯುತ್ತಿತ್ತು. ನಡೆದಿಲ್ಲವೆಂದು ನೀವು ಸಹಿ ಹಾಕಿ ಬರೆದುಕೊಟ್ಟಿದ್ದೀರಿ. ಆ ಒಂದು ಸಾಲಿನಿಂದಾಗಿ ಬಸ್ ಚಾಲಕರೊಬ್ಬರು ಇನ್ನೂ ಮನೆಯಲ್ಲಿ ಕೂತಿದ್ದಾರೆ.

ನಿಮ್ಮ ಕಾಂಪೌಂಡಿಗೆ ಅಂಟಿಕೊಂಡ ಕಟ್ಟಡದಲ್ಲಿ ನಾನು ಕಿವಿ ಪರೀಕ್ಷೆ ಮಾಡುತ್ತೇನೆ. ಆರು ತಿಂಗಳ ಹಿಂದೆ ನೀವೇ ನೆರೆಹೊರೆಯವರ ಸಭೆ ಕರೆದು ತಿಳಿಹೇಳಿದ್ದಿರಿ: ಸೂರ್ಯ ಮುಳುಗಿ ಸೌರಫಲಕಗಳು ಕೈಕೊಡುವ ಹೊತ್ತಿಗೇ ಊರೆಲ್ಲ ಮನೆಗೆ ಬಂದು ದೀಪ, ಫ್ಯಾನು ಹಾಕುತ್ತದೆ, ದೊಡ್ಡ ಸ್ಥಾವರಗಳು ಮೈಮುರಿದು ಏಳುವುದಕ್ಕೇ ಗಂಟೆಗಟ್ಟಲೆ ಬೇಕು, ಈ ಅನಿಲ ಸ್ಥಾವರವಾದರೋ ಹತ್ತು ನಿಮಿಷದಲ್ಲಿ ಹೆಗಲು ಕೊಟ್ಟು, ಬೇಡಿಕೆ ಇಳಿದೊಡನೆ ಸುಮ್ಮನಾಗುತ್ತದೆ. ಒಪ್ಪಿದೆವು. ‘ಸಂಜೆ ಆರರಿಂದ ಒಂಬತ್ತು’ ಎಂದು ಗೇಟಿಗೆ ಬೋರ್ಡು ಹಾಕಿದಿರಿ. ನಾನು ಪರೀಕ್ಷೆಗಳನ್ನೆಲ್ಲ ಬೆಳಿಗ್ಗೆಗೆ ಬದಲಾಯಿಸಿಕೊಂಡೆ.

ನನ್ನ ಕೋಣೆಯ ಗೋಡೆಗಳು ಬೀದಿಯ ಹಾರ್ನನ್ನು ತಡೆಯುತ್ತವೆ, ನೆಲದಡಿಯಿಂದ ಬರುವ ನಿಮ್ಮ ಯಂತ್ರದ ದಪ್ಪ ಸದ್ದನ್ನು ತಡೆಯಲಾರವು. ಅದರಡಿ ಹೆಡ್‌ಫೋನಿನ ತಗ್ಗು ದನಿ ಮುಚ್ಚಿಹೋಗುತ್ತದೆ. ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು; ಡಿಪೊ ತಪಾಸಣೆಗೆ ಕಳಿಸಿದ್ದ ಆ ಚಾಲಕರು ಅಂದು ತಗ್ಗು ದನಿಗಳಿಗೆ ಒತ್ತಲೇ ಇಲ್ಲ.

“ಏನೋ ಗುಂಯ್ ಅಂತಿದೆಯಲ್ಲ ಮೇಡಂ?”

“ಅದು ನಿಮ್ಮ ಕಿವಿಯೊಳಗಿನ ಸದ್ದು ಅಣ್ಣ. ಈಗ ಯಂತ್ರ ಓಡಲ್ಲ, ಬೋರ್ಡಲ್ಲೇ ಬರ್ದಿದಾರೆ.”

ದಿನಾ ಕೇಳಿ ಕೇಳಿ ನನ್ನ ಕಿವಿಗೆ ಆ ಸದ್ದು ಒಗ್ಗಿಹೋಗಿತ್ತು. ಹದಿನಾರು ವರ್ಷದ ಅನುಭವಸ್ಥೆ ನಾನು ಎದುರಿಗಿದ್ದ ಮನುಷ್ಯನನ್ನು ಬಿಟ್ಟು ನಿಮ್ಮ ಬೋರ್ಡನ್ನು ನಂಬಿ ‘ಶ್ರವಣದೋಷ’ ಎಂದು ಬರೆದೆ. ಅವರು ಹೋದ ಮೇಲೆ ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿದ್ದುದು ಕಂಡಿತು. ಯಂತ್ರ ನಿಂತಿದ್ದ ಇನ್ನೊಂದು ದಿನ ಅವರನ್ನು ಮತ್ತೆ ಕರೆಸಿದೆ. ಮರುಪರೀಕ್ಷೆ ಮಾಡಿದರೆ ಎರಡು ಕಿವಿಯೂ ಸರಿ! ಅಷ್ಟರಲ್ಲಿ ಡಿಪೊ ಅವರನ್ನು ಬಸ್ಸಿನಿಂದ ಇಳಿಸಿಯಾಗಿತ್ತು.

“ಎರಡು ರಿಪೋರ್ಟೂ ನಿಮ್ದೇ. ಯಾವ್ದನ್ನ ನಂಬ್ಲಿ?” ಎಂದರು ಡಿಪೊ ವ್ಯವಸ್ಥಾಪಕರು. “ಅವತ್ತು ಯಂತ್ರ ಓಡ್ತಿತ್ತು ಅಂತ ಸ್ಥಾವರದೋರು ಬರ್ಕೊಡ್ಲಿ, ನೋಡೋಣ.”

ನಿಮ್ಮನ್ನು ಕೇಳಿದೆ. ಉತ್ತರ ಬಂತು: ‘ಸದರಿ ವೇಳೆಯಲ್ಲಿ ಘಟಕವು ಕಾರ್ಯನಿರತವಾಗಿರಲಿಲ್ಲ. ಅನುಮತಿಸಿದ ವಾರ್ಷಿಕ ಗಂಟೆಗಳನ್ನು ಮೀರಿರುವುದಿಲ್ಲ.’ ವರ್ಷಕ್ಕೆ ಇಷ್ಟೇ ಗಂಟೆ ಓಡಿಸಬೇಕೆಂಬ ಮಿತಿ ಮೀರಿದ ಮಾತನ್ನು ಯಾರು ಎತ್ತಿದ್ದರು ಸ್ವಾಮಿ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಂದು ಬೆಳಿಗ್ಗೆ ಮೋಡ ಕವಿದಿತ್ತು. ಸೌರ ವಿದ್ಯುತ್ ಕುಸಿದಾಗ ಸ್ಥಾವರ ಓಡಿಸಿದ್ದರೆ ಅದು ತಪ್ಪೇ ಅಲ್ಲ, ಅದನ್ನು ಕಟ್ಟಿದ್ದೇ ಅದಕ್ಕೆ. ಹಾಗಿದ್ದ ಮೇಲೆ ಮುಚ್ಚಿಡುವುದೇಕೆ? ಇಂಥ ಎಷ್ಟು ಬೆಳಿಗ್ಗೆಗಳು ನಿಮ್ಮ ಲೆಕ್ಕದಿಂದ ಜಾರಿಹೋಗಿವೆ? ಕಿವಿ ನೋಡುವವಳ ಕಿವಿಗೇ ಹೂವಿಡಲು ಬರಬೇಡಿ.

ಆ ಮಂಗಳವಾರ ಯಂತ್ರ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟಕ್ಕೆ ಮಲಗಿತು ಎಂಬ ದಾಖಲೆಯ ಪ್ರತಿಯನ್ನು ಈ ವಾರದೊಳಗೆ ಡಿಪೊಗೆ ಕಳಿಸಿ. ನನ್ನ ತಪ್ಪನ್ನು ನಾನು ಸಹಿ ಹಾಕಿ ಕೊಟ್ಟಿದ್ದೇನೆ. ಅದೇ ಕಡತದಲ್ಲಿ ನಿಮ್ಮದಕ್ಕೂ ಜಾಗವಿದೆ. ತಡಮಾಡಬೇಡಿ. ಹೆಂಡತಿ ಅಡುಗೆಮನೆಯಿಂದ ಕೂಗಿದರೆ ಚಾಲಕರು ಈಗ ಎದ್ದುಹೋಗಿ ಕೇಳುತ್ತಾರಂತೆ: “ನಿಜವಾಗ್ಲೂ ಕರೆದ್ಯಾ?”

ಇಂತಿ,
ನಿಮ್ಮ ಬೋರ್ಡನ್ನು ಓದಬಲ್ಲ, ಯಂತ್ರವನ್ನು ಕೇಳಲಾರದೆ ಹೋದ
ಪಕ್ಕದ ಗೋಡೆಯ ಕಿವಿ ಪರೀಕ್ಷಕಿ