ಅಕ್ಕನ ದೊಡ್ಡಕ್ಷರ

ಮಾರ್ಚ್ ೧೪, ಶುಕ್ರವಾರ

ಹಳೆಯ ಸರ್ವರನ್ನು ಇವತ್ತು ಆಫ್ ಮಾಡಿದೆ. ಮನಸ್ಸು ಇನ್ನೂ ಅಲ್ಲೇ ಸುತ್ತುತ್ತಿದೆ.

ಗ್ರಂಥಾಲಯದ ಕಂಪ್ಯೂಟರುಗಳಿಗೆ ಆಪರೇಟಿಂಗ್ ಸಿಸ್ಟಮ್ ತುಂಬುವ ಹನ್ನೊಂದು ಇಮೇಜುಗಳನ್ನು, ಅಂದರೆ ಸಿದ್ಧ ಪ್ರತಿಗಳನ್ನು, ಹೊಸ ಸರ್ವರಿಗೆ ಸಾಗಿಸಬೇಕಿತ್ತು. ಹತ್ತು ಸಲೀಸಾಗಿ ಹೋದವು. ‘ದೊಡ್ಡಕ್ಷರ’ ಎಂಬ ಹೆಸರಿನದು ಮಾತ್ರ ಮೂರು ಸಲವೂ ಅರ್ಧದಲ್ಲೇ ನಿಂತಿತು. ಬಿಟ್ಟುಬಿಡೋಣ ಎನ್ನಿಸಿತು. ಆದರೂ ಅದನ್ನು ಮಾಡಿಟ್ಟು, ನನಗೆ ಈ ಕೆಲಸ ಕಲಿಸಿ ನಿವೃತ್ತರಾದ ನಮ್ಮ ಮೇಷ್ಟ್ರಿಗೆ ಫೋನ್ ಮಾಡಿದೆ.

“ಅದಾ? ಪುಸ್ತಕ ಕೊಡೋ ಅಕ್ಕನಿಗೆ ಕಣ್ಣು ಮಂಜಾಗ್ತಿತ್ತಮ್ಮ. ಯಾರಿಗೂ ಹೇಳ್ಬೇಡಿ ಅಂದಿದ್ರು. ಅವರ ಕಂಪ್ಯೂಟರ್‌ಗೆ ಯಾವಾಗ ಹೊಸದಾಗಿ ತುಂಬಿದ್ರೂ ಅಕ್ಷರ ದೊಡ್ಡದಾಗೇ ಬರ್ಲಿ ಅಂತ ಮಾಡಿದ್ದೆ. ಕೆಟ್ಟಿದ್ರೆ ಹೊಸದು ಮಾಡು, ನಾನು ಹೇಳ್ತಾ ಹೋಗ್ತೀನಿ.”

ಎರಡು ಗಂಟೆ ಅವರು ಹೇಳಿದರು, ನಾನು ಮಾಡಿದೆ. ನಡುವೆ ಎರಡು ಸಲ ಬೈದರು, ಮೊದಲಿನ ಹಾಗೆಯೇ.

ಸಂಜೆ ಅಕ್ಕನ ಕಂಪ್ಯೂಟರಿಗೆ ಅದನ್ನು ತುಂಬಿದೆ. ಅಕ್ಕ ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ನಿಂಗೂ ಹೇಳ್ಬಿಟ್ರಾ ಅವ್ರು?”

“ಏನನ್ನ ಅಕ್ಕ?” ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅಕ್ಕ ನಕ್ಕು ನನ್ನ ಕೆನ್ನೆ ಹಿಂಡಿದರು.

ನಾಳೆ ಮೇಷ್ಟ್ರಿಗೆ ಹೇಳಬೇಕು. ಗುಟ್ಟು ಬಿಟ್ಟುಕೊಟ್ಟೆ ಎಂದು ಮತ್ತೆ ಬೈಯುತ್ತಾರೆ. ಬೈಯಲಿ, ಆ ದನಿ ಕೇಳಿ ಎಷ್ಟು ದಿನವಾಗಿತ್ತು.